ಬಾವಿಯೊಳಗಿಂದ ಕಂಡ ಕೈ

ಯಾರು ಬಾವಿಯ ಹತ್ತಿರ ಬಂದರೆ ನೀರು ಕೆಡುತ್ತದೆ ಅನ್ನುತ್ತಾರೋ, ಅದೇ ಬಾವಿಯಲ್ಲಿ ಹೆಣ ಬಿದ್ದಾಗ ಇಳಿಯಲು ಅವರನ್ನೇ ಕರೆಯುತ್ತಾರೆ. ಇದು ನಿಮಗೆ ಗೊತ್ತಿಲ್ಲದ ಸಂಗತಿಯೇನಲ್ಲ. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ, ಈ ಸೀಮೆಯಲ್ಲಿ ಎಲ್ಲಿ ಹುಟ್ಟಿದ್ದರೂ ಇದನ್ನು ನೋಡಿರುತ್ತೀರಿ. ನೋಡಿ, ಮನೆಗೆ ಬಂದು, ಕೈಕಾಲು ತೊಳೆದುಕೊಂಡು ಉಂಡಿರುತ್ತೀರಿ.

ಹೊಳವನಹಳ್ಳಿಯಿಂದ ಆಚೆ, ಕೇರಿಯ ಕೊನೆಯ ಮನೆಯ ಕದಿರಯ್ಯ ಹಾಗೆ ಇಳಿಯುವವನು. ಈಗ ತಲೆ ಪೂರ್ತಿ ನರೆತಿದೆ, ಮಂಡಿ ಹಿಡಿಯುತ್ತದೆ, ಆದರೆ ಎದೆಯೊಳಗಿನ ಉಸಿರು ಇನ್ನೂ ಗಟ್ಟಿ. ಹೆಂಡತಿ ದಾಸಮ್ಮ ತೀರಿಕೊಂಡು ಬಹಳ ಕಾಲವಾಯಿತು. ಮಕ್ಕಳಾಗಲಿಲ್ಲ. ಗೋಡೆಯ ಮೇಲೆ ಒಂದು ಬುದ್ಧನ ಪಟ, ಅದರ ಕೆಳಗಿನ ಹಲಗೆಯ ಮೇಲೆ ಸಾಲಾಗಿ ಕ್ಯಾಮೆರಾಗಳು. ಅವು ಮದುವೆಮನೆಯ ಕ್ಯಾಮೆರಾಗಳಲ್ಲ. ನೀರಿನ ಒಳಗೆ ಚಿತ್ರ ತೆಗೆಯುವ, ರೀಲು ಹಾಕುವ ಹಳೆಯ ಕಾಲದ ಕ್ಯಾಮೆರಾಗಳು. ಬೇಸಿಗೆಯಲ್ಲಿ ಕುಡಿಯುವ ನೀರಿಗೆ ಟ್ಯಾಂಕರ್ ಕಾಯುವ ಊರಿನಲ್ಲಿ ಒಬ್ಬ ಮುದುಕ ನೀರೊಳಗಿನ ಕ್ಯಾಮೆರಾ ಕೂಡಿಡುತ್ತಾನೆ ಅಂದರೆ ಜನ ನಗದೆ ಇರುತ್ತಾರೆಯೇ?

ಮೊದಲನೆಯದು ಸಿಕ್ಕಿದ್ದು ಶಿರಾದ ಗುಜರಿ ಅಂಗಡಿಯಲ್ಲಿ. ಹಳೆಯ ಸೈಕಲ್ ಚೈನುಗಳ ರಾಶಿಯೊಳಗೆ ಕೈಗೆ ತಗುಲಿದ ಕರಿಯ ಭಾರದ ಪೆಟ್ಟಿಗೆ. ಮುಂದುಗಡೆ ದಪ್ಪ ಗಾಜು.

"ಇದೇನು ಭಾಯ್?"

"ಖುದಾಗೇ ಗೊತ್ತು. ಗಾಜು ಐತೆ, ತೂಕ ಐತೆ. ತೂಕದ ಮೇಲೆ ಕೊಡ್ತೀನಿ, ಲೇಲೋ."

ಅದನ್ನು ಮಧುಗಿರಿಯ ಸ್ಟುಡಿಯೋಗೆ ಕೊಂಡೊಯ್ದಾಗ ಅಲ್ಲಿನ ಮುದುಕ ಚನ್ನಮಲ್ಲಯ್ಯ ಕನ್ನಡಕ ಏರಿಸಿ ನೋಡಿ, "ಲೋ, ಇದು ನಿಕೋನೋಸ್ ಕಣಯ್ಯ. ನೀರೊಳಗೆ ಮುಳುಗಿಸಿ ತೆಗಿಯೋದು. ಸಮುದ್ರದಲ್ಲಿ ಮೀನು ತೆಗೆಯೋರ ಹತ್ರ ಇರುತ್ತೆ. ನಿನಗ್ಯಾಕೋ ಇದು?" ಅಂದ. ಅದು ತನಗೆ ಯಾಕೆ ಎಂದು ಕದಿರಯ್ಯನಿಗೆ ಆ ಕ್ಷಣವೇ ಗೊತ್ತಾಗಿತ್ತು. ಅದನ್ನು ತಿಳಿಯಬೇಕಾದರೆ ಅವನು ಕೆಲಸ ಮಾಡುವ ರೀತಿ ತಿಳಿಯಬೇಕು.

ಹೆಂಗಸಿನ ಹೆಣವಾದರೆ ಅವನು ಕೂಡಲೇ ಹಗ್ಗ ಬಿಗಿಯುವುದಿಲ್ಲ. ನೀರಿನಲ್ಲಿ ಸೀರೆ ಬಿಚ್ಚಿಕೊಂಡು ತಲೆಯ ಮೇಲೆ ಹರಡಿರುತ್ತದೆ. ಉಡಿದಾರಕ್ಕೆ ಸಿಕ್ಕಿಸಿಕೊಂಡು ಹೋದ ಹುರಿಯಿಂದ ಆ ಕತ್ತಲಲ್ಲೇ, ಕೈಯ ಅಂದಾಜಿನಲ್ಲೇ, ಸೀರೆಯನ್ನು ಮೈಗೆ ಸುತ್ತಿ, ಕಾಲಿಗೆ, ಸೊಂಟಕ್ಕೆ, ಎದೆಗೆ ಕಟ್ಟು ಹಾಕುತ್ತಾನೆ. ಆಮೇಲೆ ಹಗ್ಗ. ಇದಕ್ಕೆ ಒಂದು ಉಸಿರು ಸಾಲುವುದಿಲ್ಲ. ಮೇಲೆ ಬಂದು ಗಾಳಿ ತುಂಬಿಕೊಂಡು ಮತ್ತೆ ಮುಳುಗುತ್ತಾನೆ. ದಡದಲ್ಲಿ ನಿಂತವರು, "ಏನ್ಲಾ ಕದ್ರಾ, ಒಳಗೆ ಸಂಸಾರ ಹೂಡ್ದೇನ್ಲಾ?" ಅನ್ನುತ್ತಾರೆ. ಒಂದಿಬ್ಬರು ನಗುತ್ತಾರೆ. ಕದಿರಯ್ಯ ಯಾರಿಗೂ ಏನನ್ನೂ ಹೇಳಿದವನಲ್ಲ.

ಹೆಣ ಮೇಲೆ ಹೋಗುತ್ತದೆ. ಅದರ ಜೊತೆಗೆ ಹಗ್ಗವೂ ಹೋಗುತ್ತದೆ. ಹೆಣ ಎಳೆದ ಹಗ್ಗವನ್ನು ಬದುಕಿದವರು ಹಿಡಿಯಬಾರದು, ಹಿಡಿದರೆ ಅದು ಅವರನ್ನೂ ಎಳೆಯುತ್ತದೆ ಎಂದು ಈ ಕಡೆಯ ನಂಬಿಕೆ. ಹಾಗಾಗಿ ಅದನ್ನು ಹೆಣದ ಜೊತೆಗೇ ಸುಟ್ಟುಬಿಡುತ್ತಾರೆ. ಕದಿರಯ್ಯ ಮೇಲೆ ಬರಬೇಕಾದರೆ ಬೇರೆ ಹಗ್ಗ ಬೇಕು. ಬೇರೆ ಹಗ್ಗ ಬೇಕು ಅನ್ನುವುದು ಯಾರಿಗಾದರೂ ನೆನಪಾಗಬೇಕು. ಹಳೆ ಬಾವಿಗಳ ಮೆಟ್ಟಿಲು ಎಂದೋ ಕುಸಿದಿವೆ, ಕಲ್ಲಿನ ಮೇಲೆ ಪಾಚಿ. ಮೇಲೆ ಗೋಳಾಟ, ಪೊಲೀಸು, ಬಂಧುಗಳ ಬೈದಾಟ. ಕೆಳಗೆ ನೀರಿನಲ್ಲಿ ಒಬ್ಬ ಮನುಷ್ಯ ಕಾಲು ಬಡಿಯುತ್ತ ತೇಲುತ್ತಿರುತ್ತಾನೆ.

ಆ ಕಾಯುವ ಹೊತ್ತಿಗೆ ಕ್ಯಾಮೆರಾ ಬೇಕಾಗಿತ್ತು ಅವನಿಗೆ.

ಮುಳುಗಿ ಮೇಲೆ ನೋಡಿದರೆ ಲೋಕವೆಲ್ಲ ಒಂದು ದುಂಡನೆಯ ಬೆಳಕಿನ ತಟ್ಟೆಯೊಳಗೆ ಕೂತಿರುತ್ತದೆ. ಆಕಾಶ, ಬಾವಿಯ ಕಟ್ಟೆ, ಹೊಂಗೆಯ ಕೊಂಬೆ, ಅಂಚಿಗೆ ಸುತ್ತಲೂ ತಲೆಗಳು. ಹೆಣ ಮೇಲೆ ಹೋಗುತ್ತಲೇ ತಲೆಗಳು ಒಂದೊಂದಾಗಿ ಅಳಿಸಿಹೋಗುತ್ತವೆ. ಕೊನೆಗೆ ಬರಿಯ ಆಕಾಶ. ಅದನ್ನೇ ಅವನು ತೆಗೆಯುತ್ತಿದ್ದ. ಸತ್ತವರ ಕಡೆಗೆ ಒಂದು ಸಲವೂ ಗಾಜು ತಿರುಗಿಸಲಿಲ್ಲ. ಚನ್ನಮಲ್ಲಯ್ಯನ ಹತ್ತಿರ ರೀಲು ತೊಳೆಯುವುದನ್ನು ಕಲಿತ. ಆತ ಅಂಗಡಿ ಮುಚ್ಚುವಾಗ ರೀಲು ತೊಳೆಯುವ ಡಬ್ಬಿಯನ್ನೂ, ಕೈ ತೂರಿಸಿ ಕೆಲಸ ಮಾಡುವ ಕರಿಯ ಬಟ್ಟೆಯ ಚೀಲವನ್ನೂ ಇವನಿಗೇ ಕೊಟ್ಟುಬಿಟ್ಟ. ಎಷ್ಟೋ ಬಾವಿಗಳ ಎಷ್ಟೋ ಚಿತ್ರಗಳು. ಕದಿರಯ್ಯ ಪ್ರತಿಯೊಂದರಲ್ಲೂ ಒಂದನ್ನು ಹುಡುಕುತ್ತಿದ್ದ. ಅಂಚಿನಿಂದ ಅವನ ಕಡೆಗೆ ಚಾಚಿದ ಒಂದು ಕೈ. ಒಂದರಲ್ಲೂ ಇರಲಿಲ್ಲ.

ಆಮೇಲೆ ಬಾವಿಗಳೇ ಬತ್ತಿದವು. ಕೊಳವೆಬಾವಿ ಬಂದವು, ತೆರೆದ ಬಾವಿಗಳಲ್ಲಿ ಕಳ್ಳಿ ಬೆಳೆಯಿತು, ಜನ ಕಸ ಸುರಿದರು. ವರ್ಷಗಟ್ಟಲೆ ಯಾರೂ ಕದಿರಯ್ಯನ ಬಾಗಿಲಿಗೆ ಬರಲಿಲ್ಲ. ಹೆಣ ಬಿದ್ದಾಗ ಮಾತ್ರ ಕರೆಯುತ್ತಿದ್ದ ಊರು, ಹೆಣ ಬೀಳದಾಗ ಅವನನ್ನು ಮರೆತೇಬಿಟ್ಟಿತು. ಬೀದಿಯಲ್ಲಿ ಎದುರಾದರೆ ಶಕುನ ಕೆಟ್ಟಿತೆಂದು ಮುಖ ತಿರುಗಿಸುವುದನ್ನು ಮಾತ್ರ ಮರೆಯಲಿಲ್ಲ. ಆ ಒಣ ವರ್ಷಗಳಲ್ಲೇ ಅವನು ಉಳಿದ ಕ್ಯಾಮೆರಾಗಳನ್ನು ಕೂಡಿಸಿದ್ದು. ಹಳದಿ ಪ್ಲಾಸ್ಟಿಕ್ಕಿನ ಒಂದು ಆಟಿಕೆಯಂಥದ್ದು ಪಾವಗಡದ ಸ್ಟುಡಿಯೋದಲ್ಲಿ ಸಿಕ್ಕಿತು. ಅದರ ಮಾಲೀಕ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದ. "ಇಕ್ಕಡ ತಾಗೇಕೇ ನೀಳ್ಳು ಲೇವು ಸ್ವಾಮಿ, ಕುಡಿಯೋಕೇ ನೀರಿಲ್ಲ, ನೀನು ಮುಳುಗೋದೆಲ್ಲಿ? ಸೋಲಾರ್ ಪ್ಲೇಟಿನ ಮೇಲಾ?"

ಮೊಬೈಲು ಬಂದ ಮೇಲೆ ಇಂಥ ಕ್ಯಾಮೆರಾ ಕೂಡಿಡುವವರದೇ ಒಂದು ವಾಟ್ಸಾಪ್ ಗುಂಪು ಇದೆಯೆಂದು ಗೊತ್ತಾಯಿತು. ಬೆಂಗಳೂರಿನ ಡಾಕ್ಟರು, ಮೈಸೂರಿನ ಲಾಯರು, ಮಂಗಳೂರಿನ ಹಡಗಿನ ಎಂಜಿನಿಯರು. ಯಾರ ಕ್ಯಾಮೆರಾದ ರಬ್ಬರ್ ಬಳೆ ಸವೆದಿದೆ, ನೀರು ನುಗ್ಗದಂತೆ ಅದಕ್ಕೆ ಯಾವ ಗ್ರೀಸು ಹಚ್ಚಬೇಕು, ಇದೇ ಅವರ ಹಗಲಿರುಳಿನ ಮಾತು. ಕದಿರಯ್ಯ ಒಂದು ದಿನ ಬೇಸರಕ್ಕೆ ಮನೆಯ ಮುಂದಿನ ಸಿಮೆಂಟ್ ತೊಟ್ಟಿಯಲ್ಲಿ ಕ್ಯಾಮೆರಾ ಮುಳುಗಿಸಿ, ಮೇಲೆ ತನ್ನದೇ ಎಡಗೈ ಚಾಚಿ, ಚಿತ್ರ ತೆಗೆದು ಗುಂಪಿಗೆ ಹಾಕಿದ. ಶಿರಾದಿಂದ ಫೋನು ಬಂತು.

"ಸಾರ್, ನಾನು ನರಸಿಂಹರಾಜು ಅಂತ, ರಿಟೈರ್ಡ್ ಡ್ರಾಯಿಂಗ್ ಮೇಷ್ಟ್ರು. ಏನ್ ಫೋಟೋ ಸಾರ್ ಅದು! ಯಾರ ಕೈ ಸಾರ್?"

ಕದಿರಯ್ಯನನ್ನು ಹುಟ್ಟಿದಾಗಿನಿಂದ ಯಾರೂ ಸಾರ್ ಅಂದಿರಲಿಲ್ಲ.

"ನಂದೇ ಸಾರ್," ಅಂದ.

ಅಲ್ಲಿಂದ ಶುರುವಾದ ಗೆಳೆತನ. ಸಂಜೆ ಕಾಫಿ ಹೊತ್ತಿಗೆ ನರಸಿಂಹರಾಜುವಿನ ಫೋನು ಬರುವುದು, ಕದಿರಯ್ಯ ಅದಕ್ಕಾಗಿ ಜಗುಲಿಯ ಮೇಲೆ ಸಿಗ್ನಲ್ ಸಿಗುವ ಮೂಲೆಯಲ್ಲಿ ಕೂತು ಕಾಯುವುದು. ಮುಖ ನೋಡಿದವರಲ್ಲ. ಮೇಷ್ಟರ ಹೆಂಡತಿಗೆ ಈ ಹಳೆ ಡಬ್ಬಿಗಳನ್ನು ಕಂಡರೆ ಆಗದು, ಮಂಡಿನೋವು ಇಬ್ಬರಿಗೂ ಉಂಟು, ಬುಕ್ಕಾಪಟ್ಟಣದ ಕಾಡಿನಲ್ಲಿ ಚಿಂಕಾರ ಜಿಂಕೆ ನೋಡಲು ಒಂದು ಸಲ ಜೊತೆಗೆ ಹೋಗಬೇಕು, ಹೀಗೆ ಎಲ್ಲವೂ ಮಾತಾಯಿತು. ಕದಿರಯ್ಯ ಜೀವನಕ್ಕೆ ಏನು ಮಾಡುತ್ತಿದ್ದ ಎಂದು ಅವನು ಕೇಳಲಿಲ್ಲ, ಇವನು ಹೇಳಲೂ ಇಲ್ಲ. ಹೇಳಿದರೆ ಫೋನು ನಿಂತೀತು ಅನ್ನುವ ಹೆದರಿಕೆ. ಇಡೀ ದಿನದಲ್ಲಿ ಅವನ ಜೊತೆ ಮನುಷ್ಯರಂತೆ ಮಾತಾಡುತ್ತಿದ್ದದ್ದು ಅದೊಂದೇ ದನಿ.

ಅಷ್ಟರಲ್ಲಿ ಮಳೆ ಬಂತು. ಕೆರೆಗಳು ಕೋಡಿ ಬಿದ್ದವು, ಸತ್ತ ಬಾವಿಗಳು ಕಂಠದವರೆಗೆ ತುಂಬಿದವು. ಊರಿಗೆ ಹಬ್ಬ. ಆದರೆ ನೀರೇ ಕಾಣದೆ ಬೆಳೆದ ಎರಡು ತಲೆಮಾರಿಗೆ ಈಜು ಬರುತ್ತಿರಲಿಲ್ಲ. ಕದಿರಯ್ಯನ ಬಾಗಿಲಿಗೆ ಮತ್ತೆ ಜನ ಬರತೊಡಗಿದರು.

ನರಸಿಂಹರಾಜು ಕಾರು ತೆಗೆದುಕೊಂಡು ಬರುತ್ತೇನೆ ಅಂದದ್ದು ಆ ಮಳೆಯ ಮುಂದಿನ ವರ್ಷ.

"ಭಾನುವಾರ ಬರ್ತೀನಿ ಕದಿರಯ್ಯನೋರೇ. ಕ್ಯಾಮೆರಾ ಎಲ್ಲಾ ಕೈಯಲ್ಲಿ ಹಿಡಿದು ನೋಡ್ಬೇಕು. ಊಟ ನಿಮ್ಮನೇಲೇ. ನಾಟಿ ಕೋಳಿ ಸಾರು, ಮುದ್ದೆ. ಮಾಡ್ಸಿಡಿ."

ಮಾಡಿಸಲು ಯಾರಿದ್ದಾರೆ? ಕದಿರಯ್ಯನೇ ಶನಿವಾರ ಕೋಳಿ ತಂದ. ಮನೆಯಲ್ಲಿದ್ದದ್ದು ಒಂದೇ ಕುರ್ಚಿ, ಇನ್ನೊಂದನ್ನು ಕೊಂಡು ತಲೆಯ ಮೇಲೆ ಹೊತ್ತು ತಂದ. "ಏನ್ ಕದ್ರಣ್ಣ, ಹೆಣ್ಣು ನೋಡಕ್ ಬತ್ತವ್ರಾ?" ಎಂದು ಕೇರಿಯ ಹೆಂಗಸರು ಛೇಡಿಸಿದರು. "ಫ್ರೆಂಡು ಬತ್ತಾವ್ರೆ ಕಣಮ್ಮ," ಅಂದ. ಆ ಮಾತು ಅವನ ಬಾಯಿಗೇ ಹೊಸದು. ಬೆಳಿಗ್ಗೆ ಸಾರಿಗೆ ಖಾರ ಅರೆದು, ಕ್ಯಾಮೆರಾಗಳನ್ನು ಒರೆಸಿ, ತಟ್ಟೆ ಎರಡು ಇಟ್ಟು, ಒಲೆಯ ಮುಂದೆ ಕೂತಿದ್ದಾಗ ಫೋನು ಬಂತು. ಮೇಷ್ಟರದೆಂದು ಎತ್ತಿದ.

"ಲೇ ಕದ್ರಾ, ಎಲ್ಲಿದ್ದೀಯಲಾ? ಬಿರ್ರನೆ ಬಾ. ನಮ್ ತೋಟದ ಬಾವಿಗೆ ಒಬ್ಳು ಬಿದ್ಬುಟ್ಟವ್ಳೆ. ಮುದ್ದಕ್ಕನ ಮಗ್ಳು, ಈಶ್ವರಿ." ಅದು ಬೋರಪ್ಪ. ಕದಿರಯ್ಯನಿಗಿಂತ ಇಪ್ಪತ್ತು ವರ್ಷ ಚಿಕ್ಕವನು.

"ಫೈರ್ ಗಾಡಿಗೆ ಹೇಳಿದ್ರಾ ಬೋರಪ್ಪನೋರೆ? ನನಗಿವತ್ತು ಮನೆಗೆ ನೆಂಟ್ರು..."

"ನಿಂಗ್ಯಾವನ್ಲಾ ನೆಂಟ? ಗಾಡಿ ಬಂದು ರೋಡಲ್ಲೇ ನಿಂತೈತೆ, ಬದುವಿನ ಮೇಲೆ ಬರಕ್ಕಾಗಕಿಲ್ಲ. ಆ ಮುದ್ಕಿ ಎದೆ ಬಡ್ಕೊಂತಾವ್ಳೆ. ಬತ್ತೀಯೋ ಇಲ್ವೋ?"

ಈಶ್ವರಮ್ಮ ಬಟ್ಟೆ ಒಗೆಯಲು ಹೋದವಳು. ಕದಿರಯ್ಯ ಅವಳನ್ನು ಬಲ್ಲ. ಮುಖ ತಿರುಗಿಸದೆ ಹೋಗುತ್ತಿದ್ದ ನಾಲ್ಕಾರು ಜನರಲ್ಲಿ ಅವಳೂ ಒಬ್ಬಳು. ಒಲೆ ಆರಿಸಿದ. ಹುರಿ ತೆಗೆದುಕೊಂಡ. ಬಾಗಿಲ ಹತ್ತಿರ ತೂಗುಹಾಕಿದ್ದ ಕರಿಯ ನಿಕೋನೋಸನ್ನು ರೂಢಿಯಂತೆ ಕೊರಳಿಗೆ ಹಾಕಿಕೊಂಡ. ದಾರಿಯಲ್ಲಿ ಮೇಷ್ಟರಿಗೆ ಫೋನು ಮಾಡಿದ.

"ಸಾರ್, ಒಂದ್ ಕೆಲಸ ಬಂದ್ಬುಡ್ತು. ಒಂಚೂರು ತಡ ಆಗುತ್ತೆ."

"ಅಯ್ಯೋ, ನಾನಾಗ್ಲೇ ಹೊಳವನಹಳ್ಳಿ ಬಸ್‌ಸ್ಟಾಪ್ ದಾಟಿದೀನಿ. ಎಲ್ಲಿದೀರಿ ಹೇಳಿ, ಅಲ್ಲಿಗೇ ಬರ್ತೀನಿ."

ಕದಿರಯ್ಯ ಇಷ್ಟು ದಿನ ಮುಚ್ಚಿಟ್ಟದ್ದು ಇವತ್ತು ಬಯಲಾಗುತ್ತದೆ. ಆಗಲಿ ಎಂದೂ ಒಂದು ಕಡೆ ಅನ್ನಿಸಿತು. ಗೆಳೆಯನಾದವನು ಒಂದಲ್ಲ ಒಂದು ದಿನ ನೋಡಲೇಬೇಕಲ್ಲ. ನೋಡಿಯೂ ಮನೆಗೆ ಬಂದು ಉಂಡರೆ, ಅದಕ್ಕಿಂತ ಇನ್ನೇನು ಬೇಕು?

"ಬೋರಪ್ಪನ ತೋಟ ಅಂತ ಕೇಳಿ ಸಾರ್. ಯಾರಾದ್ರೂ ತೋರುಸ್ತಾರೆ."

ಬಾವಿಯ ಸುತ್ತ ಜಾತ್ರೆಯಂಥ ಜನ. ಎಲ್ಲರ ಕೈಯಲ್ಲೂ ಮೊಬೈಲು. ನೀರು ಕಟ್ಟೆಗೆ ಎಷ್ಟು ಹತ್ತಿರವಿತ್ತೆಂದರೆ, ಒಬ್ಬ ಮೇಲೆ ಮಂಡಿಯೂರಿ ಕೈ ಚಾಚಿದರೆ ಕೆಳಗೆ ತೇಲುವವನು ಹಿಡಿದುಕೊಳ್ಳಬಹುದಾಗಿತ್ತು. ಕದಿರಯ್ಯ ಅಂಗಿ ಬಿಚ್ಚಿಟ್ಟು, ನೀರಿಗೆ ಕೈ ಮುಗಿದು ಇಳಿದ. ಮೊದಲ ಮುಳುಗಿಗೆ ಸಿಗಲಿಲ್ಲ. ಎರಡನೆಯದಕ್ಕೆ ಬಟ್ಟೆ ತಗುಲಿತು. ಆಮೇಲಿನ ಮುಳುಗುಗಳೆಲ್ಲ ಸೀರೆ ಸುತ್ತುವುದಕ್ಕೇ ಹೋದವು. ಮೇಲಿನಿಂದ ಒಬ್ಬ, "ತಡಿರೋ, ಈಗ ಬತ್ತಾಳೆ, ವಿಡಿಯೋ ಆನ್ ಮಾಡ್ಕೊಳ್ರೋ," ಅನ್ನುತ್ತಿದ್ದ.

ಅವಳು ಮೇಲೆ ಹೋದಳು. ಸೀರೆಯ ಒಂದು ನೆರಿಗೆಯೂ ಅಲುಗದ ಹಾಗೆ ಹೋದಳು. ಮೊಬೈಲು ಹಿಡಿದವರಿಗೆ ಅಷ್ಟರಮಟ್ಟಿಗೆ ನಿರಾಸೆಯಾಗಿರಬೇಕು.

ಮುದ್ದಕ್ಕ ಮಗಳ ಮೇಲೆ ಬಿದ್ದು ಅತ್ತು, ಎದ್ದು, ಬಾವಿಯ ಕಡೆ ತಿರುಗಿದಳು. "ಯಪ್ಪಾ ಕದ್ರಯ್ಯ... ನನ್ ಮಗ್ಳು ಒಳಗೆ ಹೆಂಗಿದ್ಲಪ್ಪಾ? ಮೈಮೇಲೆ ಬಟ್ಟೆ ಇತ್ತೇನಪ್ಪಾ?"

"ಇತ್ತು ಕಣವ್ವ. ಹಿಂಗೇ ಇತ್ತು. ಮಲಗಿದ್ದಂಗಿದ್ಲು."

ಇನ್ನೂ ಏನೋ ಕೇಳಬೇಕೆಂದಿದ್ದಳು. ನೆಂಟರು ಅವಳ ರಟ್ಟೆ ಹಿಡಿದು ಆಚೆ ಎಳೆದುಕೊಂಡು ಹೋದರು. ಅವರ ಹಿಂದೆ ಜನವೂ ಹೋಯಿತು. ಕದಿರಯ್ಯ ನೀರಿನಲ್ಲಿ ಉಳಿದ.

"ಬೋರಪ್ಪನೋರೆ, ಹಗ್ಗ..." ಎಂದು ಕೂಗಿದ. "ತತ್ತಾವ್ರೆ ಇರ್ಲಾ," ಎಂಬ ದನಿ ದೂರದಿಂದ ಬಂತು.

ಕಾಲು ಸೋಲುತ್ತಿತ್ತು. ಕಲ್ಲಿನ ಸಂದಿಗೆ ಬೆರಳು ತುರುಕಿದ, ಜಾರಿತು. ಸುಮ್ಮನೆ ಕಾಯುವುದಕ್ಕಿಂತ ಎಂದು, ಉಸಿರು ತುಂಬಿಕೊಂಡು, ಕ್ಯಾಮೆರಾ ಹಿಡಿದು ಮುಳುಗಿದ. ಅದೇ ಬೆಳಕಿನ ತಟ್ಟೆ. ಅಂಚಿನಲ್ಲಿ ನಾಲ್ಕಾರು ತಲೆ, ಆಮೇಲೆ ಮೂರು, ಆಮೇಲೆ ಬರಿಯ ಆಕಾಶ. ಆಗ ಒಂದು ಹೊಸ ತಲೆ ಬಂತು. ಹ್ಯಾಟು ಹಾಕಿದ ತಲೆ. ಊರಿನವರು ಯಾರೂ ಹ್ಯಾಟು ಹಾಕುವುದಿಲ್ಲ. ಆ ತಲೆ ಬಗ್ಗಿತು. ಮತ್ತೆ, ನೀರಿನ ಅಲೆಯಲ್ಲಿ ಮುರಿಮುರಿದು ಸೇರುತ್ತ, ಒಂದು ತೋಳು ಅವನ ಕಡೆಗೆ ಚಾಚಿಕೊಂಡಿತು.

ಕದಿರಯ್ಯ ಒತ್ತಿದ. ಒತ್ತಿದ್ದು ಅವನ ಬೆರಳಲ್ಲ, ಇಷ್ಟು ವರ್ಷ ಬರಿಯ ಆಕಾಶ ನೋಡಿ ಬೇಸತ್ತ ಜೀವ.

ಮೇಲೆ ಬರುವ ಹೊತ್ತಿಗೆ ಅಂಚಿನಲ್ಲಿ ಯಾರೂ ಇರಲಿಲ್ಲ. ದೂರದಿಂದಲೇ ಯಾರೋ ಎಸೆದ ಹಗ್ಗದ ತುದಿ ತಲೆಯ ಪಕ್ಕ ಬಿತ್ತು. ಅದರ ಇನ್ನೊಂದು ತುದಿಯನ್ನು ಹೊಂಗೆಮರಕ್ಕೆ ಕಟ್ಟಿದ್ದರು. ಅವನೇ ಹತ್ತಿ ಬಂದ. ಕಟ್ಟೆಯ ಪಕ್ಕ ನೆಲದ ಮೇಲೆ ಒಂದು ಹೊಸ ಟವಲು, ಒಂದು ತೆಂಗಿನಕಾಯಿ ಇಟ್ಟಿದ್ದರು. ಕೈಗೆ ಕೊಡುವ ಪದ್ಧತಿ ಇಲ್ಲ. ಎತ್ತಿಕೊಂಡು ಹಿಂತಿರುಗಿ ನೋಡದೆ ಹೋಗಬೇಕು.

ಬದುವಿನ ತುದಿಯಲ್ಲಿ ಹ್ಯಾಟು ನಿಂತಿತ್ತು. "ಕದಿರಯ್ಯನೋರೇ! ನೀವೇ ಅಲ್ವಾ? ಏನ್ ಹಿಸ್ಟ್ರಿ ರೀ ನಿಮ್ಮದು! ಒಂದ್ ಮಾತೂ ಹೇಳಿಲ್ವಲ್ರೀ!"

ಕದಿರಯ್ಯ ಒದ್ದೆಗೈಯನ್ನು ಟವಲಿಗೆ ಒರೆಸಿಕೊಂಡು ಮುಂದೆ ಬಂದ. ಮೇಷ್ಟ್ರು ಅಷ್ಟೇ ಹೆಜ್ಜೆ ಹಿಂದೆ ಹೋದ. ಗೊತ್ತಿಲ್ಲದೆ ಹೋದಂತೆ ಹೋದ, ನಗುತ್ತಲೇ ಹೋದ.

"ಬನ್ನಿ ಸಾರ್, ಮನೆ ಇಲ್ಲೇ. ಸಾರು ಆಗೈತೆ. ಮುದ್ದೆ ತೊಳಸ್ಬುಟ್ರೆ ಆಯ್ತು."

"ಅಯ್ಯೋ, ಈಗ ಬೇಡ ಬಿಡಿ. ನೀವು ಸ್ನಾನಗೀನ ಎಲ್ಲಾ ಮಾಡ್ಬೇಕು... ಸುಸ್ತಾಗಿದೀರಿ. ಇನ್ನೊಂದ್ಸಲ ಖಂಡಿತ ಬರ್ತೀನಿ." ಆಮೇಲೆ ದನಿ ತಗ್ಗಿಸಿ, "ಅಲ್ಲಾ, ಇಷ್ಟು ವರ್ಷ ಇಳಿದಿದೀರಿ, ಕ್ಯಾಮೆರಾನೂ ಜೊತೆಗಿತ್ತು. ನೀರೊಳಗೆ ಬಾಡಿಗಳನ್ನ ತೆಗ್ದಿರ್ತೀರಲ್ವಾ? ಆ ನೆಗೆಟಿವ್ ಇದಾವಾ?"

"ಇಲ್ಲ ಸಾರ್."

"ಹುಡುಕಿ ನೋಡಿ. ನಾನು ಯಾರಿಗೂ ಹೇಳಲ್ಲ."

ಕಾರು ಹೋಯಿತು. ಕದಿರಯ್ಯ ಮನೆಗೆ ಬಂದು ಸ್ನಾನ ಮಾಡಿ, ಎರಡು ತಟ್ಟೆಯಲ್ಲಿ ಒಂದನ್ನು ಕವುಚಿ ಹಾಕಿ, ಹಿಂದಿನ ದಿನದ ತಂಗಳು ಉಂಡ. ಕೋಳಿ ಸಾರನ್ನು ಪಕ್ಕದ ಮನೆಯವರಿಗೆ ಕೊಟ್ಟುಬಿಟ್ಟ. ಹೊಸ ಕುರ್ಚಿಯ ಪ್ಲಾಸ್ಟಿಕ್ ಹಾಳೆ ಹಾಗೇ ಇತ್ತು. ಆದರೂ ಅವನು ಅಷ್ಟೇನೂ ಕುಗ್ಗಲಿಲ್ಲ. ಬರಲಿಲ್ಲ, ಉಣ್ಣಲಿಲ್ಲ, ಸರಿ. ಪಟ್ಟಣದ ಮನುಷ್ಯ, ಹೆಣ ನೋಡಿ ಹೆದರಿಕೊಂಡಿರಬೇಕು. ಆದರೆ ಕೈ ಚಾಚಿದನಲ್ಲ. ಎಲ್ಲರೂ ಬೆನ್ನು ತಿರುಗಿಸಿದಾಗ ಅವನೊಬ್ಬ ಬಗ್ಗಿ ಕೈ ಚಾಚಿದನಲ್ಲ.

ಅತ್ತ ಗುಂಪಿನಲ್ಲಿ ಮೇಷ್ಟ್ರು ಹಾಕಿದ ವಿಡಿಯೋ ಓಡುತ್ತಿತ್ತು. ಹಗ್ಗಕ್ಕೆ ಜೋತುಬಿದ್ದು ಹತ್ತುತ್ತಿರುವ ಬರಿಮೈಯ ಮುದುಕ, ಕೊರಳಲ್ಲಿ ನಿಕೋನೋಸ್. ಕೆಳಗೆ ಸಾಲುಸಾಲು ಮಾತು. "ವಾಹ್, ಡೆತ್ ಕ್ಯಾಮೆರಾ!" "ಇದರ ಬೆಲೆ ಈಗ ಹತ್ತು ಪಟ್ಟು." "ಸಾರ್, ಇದನ್ನ ನನಗೇ ಕೊಡಬೇಕು, ಪ್ಲೀಸ್." ಈಶ್ವರಮ್ಮನ ಹೆಸರು ಯಾರೂ ಕೇಳಲಿಲ್ಲ. ಅವನಿಗೆ ಚಳಿಯಾಯಿತೇ ಎಂದೂ ಯಾರೂ ಕೇಳಲಿಲ್ಲ.

ಸಂಜೆಯ ಫೋನು ಬರುವುದು ನಿಂತಿತು. ಬಂದ ಒಂದೆರಡು ಸಂದೇಶಗಳಲ್ಲೂ "ನೆಗೆಟಿವ್ ಸಿಕ್ತಾ?" ಅನ್ನುವುದೊಂದೇ ಪ್ರಶ್ನೆ. ಕದಿರಯ್ಯ ಜಗುಲಿಯ ಅದೇ ಮೂಲೆಯಲ್ಲಿ ಕೂತು, ಸಿಗ್ನಲ್ ಕಡ್ಡಿಗಳನ್ನು ನೋಡುತ್ತಿದ್ದ.

ಒಂದು ಮಧ್ಯಾಹ್ನ ಕರಿಯ ಚೀಲಕ್ಕೆ ಕೈ ತೂರಿಸಿ ರೀಲನ್ನು ಡಬ್ಬಿಗೆ ಸುತ್ತಿದ. ಔಷಧಿ ಹಾಕಿ ಅಲುಗಿಸಿದ. ತೊಳೆದು, ಒಗೆದ ಬಟ್ಟೆಯ ಪಕ್ಕ ದಾರಕ್ಕೆ ನೇತುಹಾಕಿದ. ಒಣಗಿದ ಮೇಲೆ ಕಿಟಕಿಗೆ ಹಿಡಿದು ನೋಡಿದ. ಎಲ್ಲವೂ ತಿರುವು ಮುರುವು. ಆಕಾಶ ಕಪ್ಪು, ಮನುಷ್ಯರು ಬೆಳ್ಳಗೆ. ಕೊನೆಯ ಚೌಕದಲ್ಲಿ, ಕರಿಯ ತಟ್ಟೆಯ ಅಂಚಿನಿಂದ ಒಂದು ಬಿಳಿಯ ತೋಳು ಇಳಿದಿತ್ತು. ಇತ್ತು. ನಿಜವಾಗಿ ಇತ್ತು. ಕದಿರಯ್ಯ ಎದ್ದು ನಿಂತು, ಮನೆಯಲ್ಲಿ ಯಾರಿಗಾದರೂ ತೋರಿಸೋಣವೆಂದು ಸುತ್ತ ನೋಡಿದ. ಬುದ್ಧನ ಪಟವಿತ್ತು, ಅದಕ್ಕೆ ತೋರಿಸಿದ.

ಆಮೇಲೆ ನೆಗೆಟಿವನ್ನು ಮೊಬೈಲಿನಲ್ಲಿ ತೆಗೆದು, ಕಪ್ಪನ್ನು ಬಿಳುಪು ಮಾಡಿದ. ಆ ಉಪಾಯವನ್ನು ಗುಂಪಿನವರೇ ಕಲಿಸಿಕೊಟ್ಟಿದ್ದರು. ಎರಡು ಬೆರಳಿನಿಂದ ದೊಡ್ಡದು ಮಾಡಿದ. ಹ್ಯಾಟು. ಅದರ ಕೆಳಗೆ ತೋಳು. ತೋಳಿನ ತುದಿಯಲ್ಲಿ ಬೆರಳುಗಳು ಬಿಡಿಸಿಕೊಂಡಿರಲಿಲ್ಲ. ಒಂದು ಚೌಕನೆಯ ವಸ್ತುವನ್ನು ಬಿಗಿಯಾಗಿ ಹಿಡಿದಿದ್ದವು.

ಮೊಬೈಲು. ನೀರಿನಲ್ಲಿ ಮುಳುಗಿದ ಮುದುಕನನ್ನು ಇನ್ನಷ್ಟು ಹತ್ತಿರದಿಂದ ತೆಗೆಯಲು ಚಾಚಿದ ಕೈ ಅದು.

ಕದಿರಯ್ಯ ಆ ಚಿತ್ರವನ್ನು ಮೇಷ್ಟರಿಗೆ ಕಳಿಸಿದ, ಒಂದಕ್ಷರವನ್ನೂ ಬರೆಯದೆ. ನೋಡಿದರೆ ಅವನಿಗೇ ಅರ್ಥವಾದೀತು ಅನ್ನುವ ಕೊನೆಯ ಆಸೆ. ಉತ್ತರ ತಕ್ಷಣ ಬಂತು.

"ಸೂಪರ್! ಇದ್ರಲ್ಲಿ ನಾನೂ ಇದೀನಿ! ಬಾಡಿದು ಯಾವಾಗ ಕಳಿಸ್ತೀರಿ?"

ಕದಿರಯ್ಯ ಗುಂಪಿನಿಂದ ಹೊರಬಂದ. ಅವನನ್ನು ಸಾರ್ ಅನ್ನುತ್ತಿದ್ದವರು ಅಲ್ಲಿಗೆ ಮುಗಿದರು. ಕ್ಯಾಮೆರಾ ಯಾರಿಗೂ ಕೊಡಲಿಲ್ಲ. ರಬ್ಬರ್ ಬಳೆಗೆ ಗ್ರೀಸು ಹಚ್ಚಿ, ಹೊಸ ರೀಲು ಹಾಕಿ, ಬಾಗಿಲ ಹತ್ತಿರ ಹುರಿಯ ಪಕ್ಕದಲ್ಲೇ ಮತ್ತೆ ತೂಗುಹಾಕಿದ್ದಾನೆ. ಬಾವಿಗಳಲ್ಲಿ ಇನ್ನೂ ನೀರಿದೆ. ಮುಂದಿನ ಫೋನು ಬಂದಾಗ ಹೋಗುತ್ತಾನೆ. ಮುಳುಗುತ್ತಾನೆ, ಸೀರೆ ಸುತ್ತುತ್ತಾನೆ, ಹೆಣ ಕಳಿಸುತ್ತಾನೆ, ಹಗ್ಗಕ್ಕೆ ಕಾಯುತ್ತಾನೆ. ಕಾಯುತ್ತ ಮೇಲೆ ನೋಡುತ್ತಾನೆ.

ಆ ಬೆಳಕಿನ ತಟ್ಟೆಯ ಅಂಚಿನಲ್ಲಿ ಅವತ್ತು ನಿಮ್ಮ ತಲೆ ಇರುತ್ತದೆ. ಇರುವುದಿಲ್ಲ ಎಂದು ಸುಳ್ಳು ಹೇಳಬೇಡಿ, ಹೆಣ ಬಿತ್ತೆಂದರೆ ಓಡಿ ಬರುವವರು ನೀವೇ. ಬನ್ನಿ. ಆದರೆ ಹೆಣದ ಹಿಂದೆ ಹೋಗಬೇಡಿ, ಬಾವಿಯ ಹತ್ತಿರವೇ ನಿಲ್ಲಿ. ಮೊಬೈಲು ಜೇಬಿಗೆ ಹಾಕಿ. ಕಟ್ಟೆಯ ಮೇಲೆ ಮಂಡಿಯೂರಿ, ಬಗ್ಗಿ, ಆ ಮುದುಕನಿಗೆ ಕೈ ಕೊಡಿ. ಖಾಲಿ ಕೈ.